ವಾಲ್ ಮೋರಾ ಮೊದಲೋ, ಕೋಸ್ಟೈನಾಸ್ ಮೊದಲೋ?

ಸ್ವಿಟ್ಜರ್‌ಲೆಂಡಿನ ಪೂರ್ವದ ಅಂಚಿನಲ್ಲಿ ಸಾಂತಾ ಮರಿಯಾ ಅಂತ ಒಂದು ಊರಿದೆ, 1375 ಮೀಟರ್ ಎತ್ತರದಲ್ಲಿ. ಮೌಂಟನ್ ಬೈಕಿಗೆ ಹೇಳಿಮಾಡಿಸಿದ ಎರಡು ದಾರಿಗಳು ಇಲ್ಲಿ ಕೂಡುತ್ತವೆ. ಒಂದು ಸ್ಕುವೋಲ್‌ನಿಂದ ಕೋಸ್ಟೈನಾಸ್ ಕಣಿವೆಮಾರ್ಗ (ಬೆಟ್ಟಸಾಲು ದಾಟುವ ಪಾಸ್) ಹತ್ತಿ ಇಲ್ಲಿಗೆ ಇಳಿಯುತ್ತದೆ. ಇನ್ನೊಂದು ಇಲ್ಲಿಂದ ಹೊರಟು ವಾಲ್ ಮೋರಾ ಕಣಿವೆ ಹಾದು ಇಟಲಿಯ ಲಿವಿನ್ಯೋ ಸೇರುತ್ತದೆ. ಎರಡನ್ನೂ ತುಳಿದಿದ್ದೇನೆ. ತುಳಿದ ಕ್ರಮ ಮಾತ್ರ ತಪ್ಪಾಗಿತ್ತು.

ಹೊರಡುವ ಮುಂಚೆ ನಾನು ನೋಡಿದ್ದು ಎತ್ತರದ ಲೆಕ್ಕ ಒಂದೇ. ಕೋಸ್ಟೈನಾಸ್ 2251 ಮೀಟರ್, ಸ್ಕುವೋಲ್‌ನಿಂದ ಸುಮಾರು 960 ಮೀಟರ್ ಏರು. ವಾಲ್ ಮೋರಾದ ಬಾಗಿಲಂತಿರುವ ಡೋಸ್ ರಾದೋಂಡ್ 2234 ಮೀಟರ್, ಸಾಂತಾ ಮರಿಯಾದಿಂದ 860. ನೂರು ಮೀಟರ್ ಕಡಿಮೆ, ಹಾಗಾದರೆ ಇದೇ ಸುಲಭ ಅಂದುಕೊಂಡು ವಾಲ್ ಮೋರಾಗೆ ಹೊರಟೆ. ಅದೂ ಬೆಳಗ್ಗೆ ಹನ್ನೊಂದಕ್ಕೆ, ಜುಲೈ ತಿಂಗಳಲ್ಲಿ.

ಜಲ್ಲಿ ರಸ್ತೆಯ ಏರು ಕಷ್ಟವಾಗಲಿಲ್ಲ. ಡೋಸ್ ರಾದೋಂಡ್ ದಾಟಿದ ಮೇಲೆ ಕಣಿವೆ ತೆರೆದುಕೊಳ್ಳುತ್ತದೆ. ಈ ದಿಬ್ಬದ ಒಂದು ಕಡೆ ಬಿದ್ದ ಮಳೆ ಏಡ್ರಿಯಾಟಿಕ್ ಸಮುದ್ರಕ್ಕೆ, ಇನ್ನೊಂದು ಕಡೆಯದ್ದು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ. ಹಸು ಮೇಯುವ ಹುಲ್ಲುಗಾವಲು ಮುಗಿದ ಮೇಲೆ, ತೊರೆಯ ಪಕ್ಕ ಸಡಿಲ ಕಲ್ಲಿನ ಇಳಿಜಾರಿನಲ್ಲಿ ಒಂದೇ ಸೈಕಲ್ ಹಿಡಿಸುವಷ್ಟು ಕಾಲುದಾರಿ. ಅಷ್ಟು ಚೆಂದದ ದಾರಿ ನಾನು ಬೇರೆಲ್ಲೂ ತುಳಿದಿಲ್ಲ.

ಅಲ್ಲೇ ಗುಡುಗು-ಮಳೆ ಶುರುವಾಯಿತು. ಆಲ್ಪ್ಸ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ಇದು ಮಾಮೂಲು. ತೆಳು ಗ್ಲೌಸಿನಲ್ಲಿ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ಆಗಲಿಲ್ಲ, ಇಳಿದು ಸೈಕಲ್ ತಳ್ಳಿದೆ. ಫೋನಿಗೆ ಸಿಗ್ನಲ್ ಇಲ್ಲ. ಹಿಂದಕ್ಕೆ ಹೋದರೆ ಮತ್ತೆ ಏರು. ಮುಂದಕ್ಕೆ ಹೋಗಿ ಸಾನ್ ಜಾಕೊಮೊ ಕೆರೆ ಮುಟ್ಟಿದಾಗ ಗೊತ್ತಾಯಿತು, ಲಿವಿನ್ಯೋಗೆ ಇನ್ನೊಂದು ಕಣಿವೆಮಾರ್ಗ ದಾಟಬೇಕು, ಮತ್ತೆ 300 ಮೀಟರ್ ಆಸುಪಾಸು. ಆ ಎರಡನೇ ಏರನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕೋಸ್ಟೈನಾಸ್‌ನಲ್ಲಿ ಹಾಗಲ್ಲ. ದೊಡ್ಡ ಏರೆಲ್ಲ ಮೊದಲೇ ಮುಗಿಯುತ್ತದೆ. ಸುಸ್ತಾದರೆ 1810 ಮೀಟರಿನ ಸ್‌ಚಾರ್ಲ್ ಊರಿನಲ್ಲಿ ನಿಲ್ಲಬಹುದು, ಬೇಸಿಗೆಯಲ್ಲಿ ಸ್ಕುವೋಲ್‌ಗೆ ಹಳದಿ ಪೋಸ್ಟ್ ಬಸ್ ಇದೆ. ಅಲ್ಲಿಂದ ಮುಂದೆ ಏರು ಮೆತ್ತಗಾಗುತ್ತದೆ. ತಮಾಂಗುರ್ ಕಾಡಿನ ಹಳೇ ಆರ್ವೆ ಪೈನ್ ಮರಗಳು ಪಕ್ಕದಲ್ಲೇ. ಎದುರು ಸಿಕ್ಕವರು 'ಅಲೇಗ್ರಾ' ಅನ್ನುತ್ತಾರೆ, ಅದು ಇಲ್ಲಿನ ರೋಮಾನ್ಶ್ ಭಾಷೆಯ ನಮಸ್ಕಾರ. ನಾವೂ ಅದನ್ನೇ ಹೇಳಿದರೆ ಅವರ ಮುಖ ಅರಳುತ್ತದೆ. ತುದಿ ದಾಟಿದ ಮೇಲೆ ಸುಮಾರು 880 ಮೀಟರ್ ಇಳಿತ. ನಡುವೆ ಸಿಗುವ ಲ್ಯೂ ಹಳ್ಳಿ 1920 ಮೀಟರಿನಲ್ಲಿದೆ, ಹೆಚ್ಚು ಕಡಿಮೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯಷ್ಟು. ಅಷ್ಟು ಎತ್ತರದಲ್ಲಿ ಜನ ವರ್ಷವಿಡೀ ಬದುಕುತ್ತಾರೆ!

ಚೆಲುವಿನಲ್ಲಿ ವಾಲ್ ಮೋರಾ ಒಂದು ಕೈ ಮೇಲು, ಅನುಮಾನವೇ ಇಲ್ಲ. ಆದರೂ ಮೊದಲ ಸಲ ಬರುವವರಿಗೆ ನಾನು ಕೋಸ್ಟೈನಾಸ್ ಹೇಳುತ್ತೇನೆ. ಈಗ ನಾನು ಯೋಜನೆ ಮಾಡುವಾಗ ಸ್ವಿಸ್ ಸರ್ಕಾರದ ನಕ್ಷೆ ಸಂಸ್ಥೆ ಸ್ವಿಸ್‌ಟೋಪೋದ 1:25,000 ನಕ್ಷೆಯಲ್ಲಿ ಮೊದಲು ಹುಡುಕುವುದು ಸವಾರಿ ಅರ್ಧಕ್ಕೇ ಬಿಟ್ಟು ಬರಲು ಎಲ್ಲೆಲ್ಲಿ ದಾರಿ ಇದೆ ಅಂತ. ಆಮೇಲೆ ಕೊನೆಯ ಊರಿನವರೆಗಿನ ಎಲ್ಲ ಏರನ್ನೂ ಕೂಡುತ್ತೇನೆ. ಪಕ್ಕದ ಸ್ವಿಸ್ ರಾಷ್ಟ್ರೀಯ ಉದ್ಯಾನದೊಳಗೆ ಸೈಕಲ್ ಬಿಡುವುದಿಲ್ಲ, ಅಡ್ಡದಾರಿ ಹುಡುಕುವಾಗ ಅದೂ ನೆನಪಿರಲಿ.

ಎರಡು ದಿನ ಸಿಕ್ಕಿದರೆ ಎರಡನ್ನೂ ಜೋಡಿಸಿ. ಮೊದಲ ರಾತ್ರಿ ಸಾಂತಾ ಮರಿಯಾದಲ್ಲಿ ಉಳಿದು, ಮರುದಿನ ಏಳಕ್ಕೇ ಪೆಡಲ್ ತುಳಿಯಿರಿ. ದಪ್ಪ ಗ್ಲೌಸ್, ಮಳೆ ಜಾಕೆಟ್, ಪಾಸ್‌ಪೋರ್ಟ್ ಬ್ಯಾಗಿನಲ್ಲಿರಲಿ. ಲಿವಿನ್ಯೋದಿಂದ ವಾಪಸ್ ಬರುವ ಸುರಂಗದಲ್ಲಿ ಸೈಕಲ್ ತುಳಿಯುವಂತಿಲ್ಲ. ಬಸ್ಸಿನಲ್ಲಿ ಸೈಕಲ್‌ಗೆ ಜಾಗ ಇದೆಯಾ ಅಂತ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.