ಡಿಪೋ ಹಾಜರಿ, ಬೆಂಗಳೂರಿನ ಪಗಾರ, ಅಡಿ ಲೆಕ್ಕದ ಗುತ್ತಿಗೆ: ಗ್ರಾನೈಟ್ ಕಟ್ಟೆ ಕೆಲಸದವರಿಗೆ ಯಾವುದು ವಾಸಿ?

ಅಡುಗೆ ಕಟ್ಟೆಗೆ ಗ್ರಾನೈಟ್ ಕೊಯ್ದು, ಮೋಲ್ಡಿಂಗ್ ಹೊಡೆದು (ಅಂಚು ತಿದ್ದಿ ನಯ ಮಾಡಿ), ಕೂರಿಸುವ ಕೆಲಸ ಚೆನ್ನಾಗಿ ಬಂದರೆ ಕೊಪ್ಪಳ, ಬಳ್ಳಾರಿ ಕಡೆ ಕೈ ಖಾಲಿ ಇರುವುದಿಲ್ಲ. ಕುಷ್ಟಗಿ ಸುತ್ತ ಕಲ್ಲಿನ ಕ್ವಾರಿಗಳಿವೆ, ಇಳಕಲ್ಲಿನ ಕೆಂಪು ಕಲ್ಲು ಪಕ್ಕದಲ್ಲೇ ಸಿಗುತ್ತದೆ. ತೊಂದರೆ ಏನಂದ್ರೆ, ವರ್ಷಗಟ್ಟಲೆ ಕೈ ಪಳಗಿದವನಿಗೂ ಮೊನ್ನೆ ಕಟರ್ ಹಿಡಿದ ಹುಡುಗನಿಗೂ ಫೋನಿನಲ್ಲಿ ಒಂದೇ ರೇಟು ಹೇಳುತ್ತಾರೆ. ನಾನು ಮೂರೂ ಕಡೆ ದುಡಿದು ನೋಡಿದ್ದೇನೆ. ಕೆಲಸ ಹುಡುಕುವವರು ಕೂಲಿಗಿಂತ ಮೊದಲು ಎರಡು ವಿಷಯ ಕೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ: ಕಲ್ಲು ಒಡೆದರೆ ದುಡ್ಡು ಯಾರದ್ದು? ಕಟರ್‌ಗೆ ನೀರು ಇದೆಯಾ?

ಮೊದಲು ಗ್ರಾನೈಟ್ ಡಿಪೋ. ಕೊಪ್ಪಳದ ಹತ್ತಿರ ಹೆದ್ದಾರಿ ಪಕ್ಕದ ಒಂದು ಡಿಪೋದಲ್ಲಿ ಹಾಜರಿ ಲೆಕ್ಕಕ್ಕೆ, ಅಂದರೆ ದಿನಗೂಲಿಗೆ ಇದ್ದೆ. ಶನಿವಾರ ಸಂಜೆ ಬಟವಾಡೆ ತಪ್ಪುತ್ತಿರಲಿಲ್ಲ. ರಾತ್ರಿ ಮನೆ ಊಟ. ಆದರೆ ಒಡೆದ ಕಲ್ಲನ್ನು ಕೆಲಸಗಾರನ ಲೆಕ್ಕಕ್ಕೆ ಬರೆಯುತ್ತಿದ್ದರು. ಇದು ನ್ಯಾಯ ಅಲ್ಲ, ಅಲ್ವಾ? ಎಷ್ಟೋ ಸ್ಲ್ಯಾಬ್ ಬರುವಾಗಲೇ ಸೀಳಿರುತ್ತದೆ. ಹಿಂಬದಿಗೆ ಬಲೆಯಂಥ ಜಾಲಿ ಅಂಟಿಸಿದ್ದರೆ ಕಣ್ಣಿಗೆ ಕಾಣುವುದೂ ಇಲ್ಲ. ಹಾಗಾಗಿ ಗುರುತು ಹಾಕುವ ಮೊದಲು ಸ್ಲ್ಯಾಬಿಗೆ ನೀರು ಹೊಡೆದು ಸ್ವಲ್ಪ ಹೊತ್ತು ಬಿಡಬೇಕು. ಮೇಲ್ಮೈ ಎಲ್ಲ ಒಣಗಿದ ಮೇಲೂ ಒಂದು ಗೆರೆ ಮಾತ್ರ ಹಸಿ ಉಳಿದರೆ ಅದು ಬಿರುಕು. ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಕಲ್ಲು ಠಣ್ ಅನ್ನುತ್ತದೆ, ಸೀಳಿದ್ದು ಬೊದ್ದು ಸದ್ದು ಕೊಡುತ್ತದೆ. ಸಾಹುಕಾರರನ್ನು ಕರೆದು, "ಅಣ್ಣಾರ, ಇಲ್ಲಿ ಗೆರಿ ಐತಿ ನೋಡ್ರಿ" ಅಂತ ಅಲ್ಲೇ ತೋರಿಸಿ, ಫೋಟೋ ತೆಗೆದ ಮೇಲೇ ಬ್ಲೇಡ್ ಇಡಬೇಕು. ಇದಕ್ಕೆ ಒಪ್ಪದ ಡಿಪೋ ನನಗೆ ಬೇಡ, ಹಾಜರಿ ಎಷ್ಟೇ ಜಾಸ್ತಿ ಇರಲಿ.

ಬೆಂಗಳೂರಿನದು ಬೇರೆ ಲೋಕ. ಬಳ್ಳಾರಿಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಅಲ್ಲಿ. ಮಾಡ್ಯುಲರ್ ಕಿಚನ್ ಮಾಡುವ ಒಂದು ಕಂಪನಿಯ ವರ್ಕ್‌ಶಾಪಿನಲ್ಲಿ ತಿಂಗಳ ಪಗಾರಕ್ಕೆ ಸೇರಿದ್ದೆ. ಪಿಎಫ್ ಇತ್ತು. 21,000 ರೂಪಾಯಿವರೆಗಿನ ಪಗಾರಕ್ಕೆ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಇಎಸ್‌ಐ ವಿಮೆ ಕೂಡ. ಮನೆಯಲ್ಲಿ ಕಾಯಿಲೆ ಬಿದ್ದವರಿದ್ದರೆ ಇದು ಸಣ್ಣ ಮಾತಲ್ಲ. ಕಲ್ಲು ಒಡೆದರೆ ಕಂಪನಿಯದ್ದೇ ನಷ್ಟ. 45 ಡಿಗ್ರಿ ಕೊಯ್ದು ಎರಡು ಅಂಚು ಕೂಡಿಸಿ, ದಪ್ಪ ಕಲ್ಲಿನಂತೆ ಕಾಣಿಸುವ ಕೆಲಸ ನನಗೆ ಸಲೀಸಾಗಿದ್ದು ಅಲ್ಲೇ.

ಆದರೆ ಅಲ್ಲಿ ಗ್ರಾನೈಟ್ ಕಡಿಮೆ, ಕ್ವಾರ್ಟ್ಸ್ ಜಾಸ್ತಿ. ಕಲ್ಲಿನ ಪುಡಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಸ್ಲ್ಯಾಬ್ ಅದು. ಗ್ರಾನೈಟಿನಲ್ಲಿ ಸಿಲಿಕಾ ಸುಮಾರಾಗಿ ನೂರಕ್ಕೆ 30 ಇದ್ದರೆ, ಇದರಲ್ಲಿ ಸಾಮಾನ್ಯವಾಗಿ 90ರ ಮೇಲೆ. ಆ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಅದು ವಾಸಿಯಾಗುವ ಕಾಯಿಲೆ ಅಲ್ಲ. ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕಲ್ಲನ್ನೇ ನಿಷೇಧಿಸಿದೆ. ವರ್ಕ್‌ಶಾಪಿನಲ್ಲಿ ನೀರು ಬಿಟ್ಟುಕೊಂಡೇ ಕೊಯ್ಯುತ್ತಿದ್ದೆವು. ಫ್ಲ್ಯಾಟಿಗೆ ಹೋದಾಗ ಮಾತ್ರ, ಮರದ ಕೆಲಸ ಮುಗಿದಿದೆ, ನೀರು ಬಳಸಬೇಡಿ ಅನ್ನುತ್ತಿದ್ದರು. ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಒಣ ಕಟಿಂಗ್. ಮೂಗಿಗೆ ಕರ್ಚೀಪು ಕಟ್ಟಿಕೊಂಡರೆ ಆ ಸಣ್ಣ ಧೂಳು ನಿಲ್ಲುವುದಿಲ್ಲ. ಪಗಾರ ಚೆನ್ನಾಗಿದ್ದರೂ ನಾನು ಬಿಟ್ಟು ಬಂದದ್ದು ಇದಕ್ಕೇ.

ಈಗ ಮಾಡುತ್ತಿರುವುದು ಬಳ್ಳಾರಿಯಲ್ಲಿ ರನ್ನಿಂಗ್ ಫೂಟ್ ಲೆಕ್ಕದ, ಅಂದರೆ ಉದ್ದದ ಅಡಿಗೆ ಇಷ್ಟು ಅನ್ನುವ ಗುತ್ತಿಗೆ. ಕೆಲಸ ಕೊಡುವವರು ಗೌಂಡಿಗಳು ಮತ್ತು ಸಣ್ಣ ಎಂಜಿನಿಯರ್‌ಗಳು. ಕೈಗೆ ಸಿಗುವ ದುಡ್ಡು ಇದರಲ್ಲೇ ಹೆಚ್ಚು, ಆದರೆ ಎಲ್ಲವನ್ನೂ ಮೊದಲೇ ಬಾಯಿಬಿಟ್ಟು ಮಾತಾಡಬೇಕು. ಸಿಂಕ್ ಕಟಿಂಗ್, ಒಲೆಯ ಕಿಂಡಿ, ಮೋಲ್ಡಿಂಗ್ ಎಲ್ಲಕ್ಕೂ ಬೇರೆ ಬೇರೆ ರೇಟು. ಮೇಲೆ ಹೊರುವವರು ಯಾರು ಅನ್ನುವುದೂ ಮಾತಾಗಬೇಕು. 20 ಎಂಎಂ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕೆಜಿ ತೂಗುತ್ತದೆ. ಹತ್ತು ಅಡಿ ಉದ್ದ, ಎರಡು ಅಡಿ ಅಗಲದ ಕಟ್ಟೆ ಅಂದರೆ ಒಂದು ಕ್ವಿಂಟಲ್. ಅದನ್ನು ಮೂರನೇ ಮಹಡಿಗೆ ಸುಮ್ನೆ ಹೊತ್ತು ಕೊಡಲು ಆಗುತ್ತದಾ? ಇನ್ನು ಆಷಾಢ ಬಂದರೆ ಗೃಹಪ್ರವೇಶ ಇಲ್ಲ, ನಮ್ಮ ಕೆಲಸವೂ ಇಲ್ಲ. ಆ ತಿಂಗಳು ನಾನು ಡಿಪೋಗೇ ಹಾಜರಿಗೆ ಹೋಗುತ್ತೇನೆ. ಕಟ್ಟಡ ಕಾರ್ಮಿಕರ ಕಾರ್ಡ್ ಮಾಡಿಸಿಕೊಂಡಿದ್ದೇನೆ. ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ದಾಖಲೆ ಕೇಳುತ್ತಾರೆ. ಹಾಗಾಗಿ ಎಂಜಿನಿಯರ್‌ಗಳಿಂದ ಆಗಿಂದಾಗ ಬರೆಸಿಟ್ಟುಕೊಳ್ಳುವುದು ಒಳ್ಳೆಯದು.

ಗಲ್ಫಿಗೆ ನಾನು ಹೋಗಿಲ್ಲ. ಹೋಗುವವರು ಸರ್ಕಾರದಲ್ಲಿ ನೋಂದಣಿ ಆದ ಏಜೆಂಟರ ಹತ್ತಿರವೇ ಹೋಗಿ. ಅವರು ತೆಗೆದುಕೊಳ್ಳಬಹುದಾದ ಫೀಸು 30,000 ರೂಪಾಯಿ, ಮೇಲೆ ಜಿಎಸ್‌ಟಿ, ಅಷ್ಟೇ.

ಇಪ್ಪತ್ತೈದರ ಒಳಗಿನ, ಮದುವೆಯಾಗದ ಹುಡುಗ ಕೇಳಿದರೆ ಬೆಂಗಳೂರಿಗೆ ಹೋಗಪ್ಪಾ ಅನ್ನುತ್ತೇನೆ. ಕ್ವಾರ್ಟ್ಸ್ ಕಲಿತು ಬಾ, ಆದರೆ ಒಣ ಕಟಿಂಗ್‌ಗೆ ಒಪ್ಪಬೇಡ. ಕೈ ಪಳಗಿದ, ಮನೆ ಮಕ್ಕಳು ಇರುವವನಿಗೆ ಇಲ್ಲಿನ ಗುತ್ತಿಗೆಯೇ ವಾಸಿ.

ಕೆಲಸ ಹುಡುಕುವ ಆ್ಯಪ್‌ಗಳಲ್ಲೂ ಹೆಸರು ಹಾಕಿದ್ದೆ. ಬಂದ ಕರೆಗಳು ಹೆಚ್ಚಾಗಿ ಹೆಲ್ಪರ್ ಕೆಲಸಕ್ಕೆ. ನನಗೆ ಕೆಲಸ ತಂದುಕೊಟ್ಟದ್ದು ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳು. ಹೊಳೆಯುವ ಇಡೀ ಕಟ್ಟೆಯ ಫೋಟೋ ಎಲ್ಲರ ಹತ್ತಿರವೂ ಇರುತ್ತದೆ. ಸಿಂಕ್ ಕಿಂಡಿಯ ಮೂಲೆಯನ್ನು ಹತ್ತಿರದಿಂದ ತೆಗೆದು ಕಳಿಸಿ. ಮೂಲೆಯಲ್ಲಿ ಮೊದಲು ತೂತು ಕೊರೆದು, ಆಮೇಲೆ ಬ್ಲೇಡ್ ಓಡಿಸಿದ್ದರೆ ಅಲ್ಲಿ ಸಣ್ಣ ಗುಂಡು ತಿರುವು ಇರುತ್ತದೆ. ಬ್ಲೇಡ್ ಗೆರೆ ದಾಟಿ ಹೋದ ಗಾಯ ಇರುವುದಿಲ್ಲ. ಕಟ್ಟೆ ಮೊದಲು ಸೀಳುವುದು ಅಲ್ಲಿಂದಲೇ. ಕೆಲಸ ಗೊತ್ತಿರುವ ಎಂಜಿನಿಯರ್ ಅದನ್ನು ನೋಡಿದ ಮೇಲೆ ರೇಟಿನ ಮಾತು ಬೇರೆಯೇ ಆಗುತ್ತದೆ.