ಶಿಕಾಗೋದ ಸುರಕ್ಷತೆ: ಒಂದು ಎಚ್ಚರಿಕೆ ಆ್ಯಪ್ ಮತ್ತು ನಗರಾಡಳಿತದ ಅಪರಾಧ ಪಟ್ಟಿ, ಒಂದು ವರ್ಷದ ಬಳಕೆಯ ನಂತರ

2024ರ ವಸಂತದಲ್ಲಿ ಶಿಕಾಗೋದ ದಕ್ಷಿಣ ಭಾಗದ ಹೈಡ್ ಪಾರ್ಕ್‌ನಲ್ಲಿ ಬಾಡಿಗೆ ಮನೆ ಹಿಡಿದ ಮೊದಲ ವಾರವೇ ನಾನು ಫೋನಿಗೆ ಒಂದು ಅಪರಾಧ ಎಚ್ಚರಿಕೆ ಆ್ಯಪ್ ಹಾಕಿಕೊಂಡೆ. ವಿಳಾಸ ಕೇಳಿದ ಸಹೋದ್ಯೋಗಿಯೊಬ್ಬರು ‘ಸೌತ್ ಸೈಡಾ?’ ಎಂದು ಹುಬ್ಬೇರಿಸಿದ್ದೇ ಅದಕ್ಕೆ ಕಾರಣ. ಪುಕ್ಕಟೆ ಆವೃತ್ತಿಯಲ್ಲಿ ಅರ್ಧ ಸುದ್ದಿ ಮಸುಕಾಗಿ ಕಾಣುತ್ತಿದ್ದುದರಿಂದ ಮೂರನೆಯ ದಿನ ಚಂದಾವನ್ನೂ ಕಟ್ಟಿದೆ. ಆ್ಯಪ್‌ನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈ ಜಾತಿಯವೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು, ಒಂದಕ್ಕೆ ಹೇಳಿದ ಮಾತು ಉಳಿದವಕ್ಕೂ ಬಹುಮಟ್ಟಿಗೆ ಸಲ್ಲುತ್ತದೆ. ಅದರ ಜೊತೆಗೆ, ಅದೇ ವರ್ಷ ತಡವಾಗಿ ಬಳಸಲು ಕಲಿತ ಇನ್ನೊಂದು ಸೇವೆಯನ್ನೂ ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇನೆ. ಅದು ಶಿಕಾಗೋ ನಗರಾಡಳಿತ ತನ್ನ ಡೇಟಾ ಪೋರ್ಟಲ್‌ನಲ್ಲಿ ಯಾರಿಗಾದರೂ ಉಚಿತವಾಗಿ ತೆರೆದಿಟ್ಟಿರುವ, 2001ರಿಂದ ಈಚಿನ ಅಪರಾಧ ವರದಿಗಳ ಪಟ್ಟಿ. ಒಂದು ಆ ಕ್ಷಣದ ಸುದ್ದಿ ಕೊಡುತ್ತೇನೆನ್ನುತ್ತದೆ, ಇನ್ನೊಂದು ಏಳು ದಿನ ತಡವಾಗಿ ಬರುತ್ತದೆ. ತಡವಾಗಿ ಬರುವುದೇ ನನಗೆ ಹೆಚ್ಚು ಕೆಲಸಕ್ಕೆ ಬಂತು.

ಮೊದಲು ಆ್ಯಪ್. ನಕ್ಷೆಯ ನಡುವೆ ನಾವು, ಸುತ್ತಲೂ ಕೆಂಪು ಚುಕ್ಕೆಗಳು. ಎಷ್ಟು ದೂರದವರೆಗಿನ ಸುದ್ದಿ ಬೇಕೆಂದು ನಾವೇ ಗೊತ್ತುಮಾಡಬಹುದು, ಆದರೆ ಅರ್ಧ ಮೈಲಿಗಿಂತ ಕಡಿಮೆ ಮಾಡಲು ಅದು ಬಿಡುವುದಿಲ್ಲ. ಹೈಡ್ ಪಾರ್ಕ್‌ನಂಥ ದಟ್ಟ ಬಡಾವಣೆಯಲ್ಲಿ ಅರ್ಧ ಮೈಲಿ ಎಂದರೆ ಸಾವಿರಾರು ಮನೆ, ವಿಶ್ವವಿದ್ಯಾಲಯದ ಕಟ್ಟಡಗಳು, 53ನೆಯ ಬೀದಿಯ ಅಂಗಡಿಸಾಲು ಎಲ್ಲವೂ ಸೇರಿದ್ದು. ಅಷ್ಟರೊಳಗೆ ದಿನಕ್ಕೆ ಏನಾದರೊಂದು ಆಗಿಯೇ ಆಗುತ್ತದೆ. ಒಂದು ತಿಂಗಳು ಬಂದ ಎಚ್ಚರಿಕೆಗಳನ್ನೆಲ್ಲ ಡೈರಿಯಲ್ಲಿ ಗುರುತು ಹಾಕಿಕೊಂಡು ನೋಡಿದೆ. ಬಹುಪಾಲು ಬೆಂಕಿಯ ಅಲಾರಂ, ಆಂಬುಲೆನ್ಸ್, ಲಿಫ್ಟಿನಲ್ಲಿ ಸಿಕ್ಕಿಕೊಂಡವರು, ‘ಕೂಗಾಡುತ್ತಿರುವ ವ್ಯಕ್ತಿ’ ಇಂಥವೇ. ಇವಕ್ಕೂ ದರೋಡೆಗೂ ಒಂದೇ ಬಣ್ಣ, ಒಂದೇ ಸದ್ದು. ಸುಳ್ಳು ಅಲಾರಂ ಎಂದು ಗೊತ್ತಾದ ಮೇಲೂ ಚುಕ್ಕೆ ನಕ್ಷೆಯಿಂದ ಬೇಗ ಹೋಗುವುದಿಲ್ಲ.

ಆ ಜುಲೈ 4ರ ರಾತ್ರಿ ನಮ್ಮ ತಂದೆ ಮನೆಗೆ ಬಂದಿದ್ದರು. ಊಟ ಮುಗಿಸಿ 55ನೆಯ ಬೀದಿಯ ತುದಿಯಲ್ಲಿರುವ ಪ್ರೊಮಾಂಟರಿ ಪಾಯಿಂಟ್‌ಗೆ, ಸರೋವರದ ದಂಡೆಗೆ, ಗಾಳಿಗೆ ಹೋಗೋಣವೆಂದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ‘ಗುಂಡಿನ ಸದ್ದು, 0.4 ಮೈಲಿ’ ಎಂದು ಫೋನು ಅರಚಿತು. ಎರಡು ನಿಮಿಷ ಬಿಟ್ಟು ಇನ್ನೊಂದು, ಆಮೇಲೆ ಮತ್ತೊಂದು. ನಾನು ಚಪ್ಪಲಿ ಬಿಟ್ಟೆ. ತಂದೆ ಕಿಟಕಿಯಿಂದ ಆಕಾಶ ನೋಡಿ, ‘ಅಲ್ಲಪ್ಪಾ, ಪಟಾಕಿ ಹೊಡೆದರೂ ಬಡಕೊಳ್ಳುತ್ತಲ್ಲ ನಿನ್ನ ಫೋನು’ ಎಂದರು. ಅಮೆರಿಕದ ಸ್ವಾತಂತ್ರ್ಯ ದಿನದಂದು ಪಟಾಕಿಯ ಸದ್ದು ಬರುತ್ತದೆಂಬ ಸಾಮಾನ್ಯ ಜ್ಞಾನವೂ ಇಲ್ಲದ ಯಂತ್ರಕ್ಕೆ ನಾನು ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೆ.

ಇದರಲ್ಲಿ ತಪ್ಪು ಪೂರ್ತಿ ಆ್ಯಪ್ ಮಾಡಿದವರದೆಂದು ಹೇಳಲಾರೆ. ಬರಿಯ ಸದ್ದು ಕೇಳಿ ಅದು ಗುಂಡೇ ಎಂದು ನಿರ್ಧರಿಸುವುದು ಅದಕ್ಕೆಂದೇ ಕಟ್ಟಿದ ವ್ಯವಸ್ಥೆಗೂ ಸುಲಭದ ಕೆಲಸವಲ್ಲ. ಶಿಕಾಗೋ ಪೊಲೀಸರು ವರ್ಷಗಟ್ಟಲೆ ಬಳಸಿದ ಶಾಟ್‌ಸ್ಪಾಟರ್ ಬೀದಿಗಳಲ್ಲಿ ಮೈಕ್ ಇಟ್ಟು ಗುಂಡಿನ ಸದ್ದನ್ನು ಗುರುತಿಸುತ್ತಿತ್ತು. ನಗರಾಡಳಿತದ ಕೆಲಸಗಳ ಮೇಲೆ ಸ್ವತಂತ್ರವಾಗಿ ತನಿಖೆ ನಡೆಸುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2021ರ ಆಗಸ್ಟ್‌ನಲ್ಲಿ ಅದರ ಸುಮಾರು 50,000 ಸೂಚನೆಗಳನ್ನು ಪರಿಶೀಲಿಸಿದಾಗ, ಸ್ಥಳಕ್ಕೆ ಹೋದ ಪೊಲೀಸರಿಗೆ ಬಂದೂಕಿಗೆ ಸಂಬಂಧಿಸಿದ ಅಪರಾಧದ ಸಾಕ್ಷ್ಯ ಸಿಕ್ಕಿದ್ದು ಶೇ 9.1ರಷ್ಟರಲ್ಲಿ ಮಾತ್ರ. ಸಾಕ್ಷ್ಯ ಸಿಗಲಿಲ್ಲವೆಂದ ಮಾತ್ರಕ್ಕೆ ಗುಂಡು ಹಾರಲೇ ಇಲ್ಲವೆಂದು ಅರ್ಥವಲ್ಲ, ಅದು ನಿಜ. ಆದರೂ ಮೇಯರ್ ಬ್ರಾಂಡನ್ ಜಾನ್ಸನ್ ಅವರ ಆಡಳಿತ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ನಿಲ್ಲಿಸಿತು. ಆ ನಿರ್ಧಾರದ ಬಗ್ಗೆ ನಗರಸಭೆಯಲ್ಲಿ ಜಗಳ ಇನ್ನೂ ಆರಿರಲಿಲ್ಲ.

‘ಆ ಕ್ಷಣದ ಸುದ್ದಿ’ ಎಂಬ ಮಾತಿನಲ್ಲಿಯೂ ಒಂದು ತೊಡಕಿದೆ. ಇಂಥ ಆ್ಯಪ್‌ಗಳು ಮುಖ್ಯವಾಗಿ ನಿಂತಿರುವುದು ಪೊಲೀಸ್ ರೇಡಿಯೋ ಮಾತುಕತೆಯನ್ನು ಆಲಿಸಿ ಬರೆದುಕೊಳ್ಳುವುದರ ಮೇಲೆ. ಶಿಕಾಗೋ ಪೊಲೀಸ್ ಇಲಾಖೆ 2022ರ ಹೊತ್ತಿಗೆ ತನ್ನ ರೇಡಿಯೋ ವಾಹಿನಿಗಳನ್ನು ಹೊರಗಿನವರಿಗೆ ನೇರವಾಗಿ ಕೇಳಿಸದಂತೆ ಬದಲಿಸಿ, ಸಾರ್ವಜನಿಕರಿಗೆ 30 ನಿಮಿಷ ತಡವಾಗಿ ಕೇಳಿಸುವ ಏರ್ಪಾಡು ಮಾಡಿತು. ಹೀಗಿರುವಾಗ ‘ಈಗಷ್ಟೇ’ ಎಂದು ಬರುವ ಸುದ್ದಿ ಅರ್ಧ ಗಂಟೆ ಹಳೆಯದಾಗಿರಬಹುದು, ಅಥವಾ ಯಾರೋ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಕುಟ್ಟಿದ್ದಾಗಿರಬಹುದು. ಓದುವವನಿಗೆ ಇವೆರಡರ ವ್ಯತ್ಯಾಸ ತಿಳಿಯುವಂತೆ ನನ್ನ ಆ್ಯಪ್ ಎಲ್ಲಿಯೂ ಬರೆದಿರಲಿಲ್ಲ.

ಇದಕ್ಕಿಂತ ಹೆಚ್ಚು ಬೇಸರ ತಂದದ್ದು ಅದರ ‘ಸುರಕ್ಷತಾ ಅಂಕ’. ಒಂದೊಂದು ಬಡಾವಣೆಗೂ ನೂರಕ್ಕೆ ಇಷ್ಟೆಂದು ಅಂಕ ಕೊಟ್ಟು ಹಸಿರು, ಹಳದಿ, ಕೆಂಪು ಬಳಿಯುತ್ತದೆ. ಲೆಕ್ಕ ಹೇಗೆಂದರೆ ವರದಿಯಾದ ಘಟನೆಗಳನ್ನು ಅಲ್ಲಿನ ನಿವಾಸಿಗಳ ಸಂಖ್ಯೆಯಿಂದ ಭಾಗಿಸುವುದು. ಕೇಳಲು ಸರಿಯೆನಿಸುತ್ತದೆ. ಆದರೆ ನಗರದ ವ್ಯಾಪಾರ ಕೇಂದ್ರವಾದ ಲೂಪ್‌ನಲ್ಲಿ ವಾಸಿಸುವವರು ಕಡಿಮೆ, ಹಗಲು ಬಂದುಹೋಗುವವರು ಲಕ್ಷಾಂತರ. ಅಂಗಡಿಗಳ್ಳತನವೂ ಜೇಬುಗಳ್ಳತನವೂ ಆ ಬಂದುಹೋಗುವವರ ಲೆಕ್ಕದಲ್ಲಿ ಆಗುತ್ತವೆ, ಭಾಗಿಸುವುದು ಮಾತ್ರ ನಿವಾಸಿಗಳಿಂದ. ವಿಮಾನ ನಿಲ್ದಾಣವಿರುವ ಓಹೇರ್ ಕೂಡ, ಅಂಕಿಅಂಶದ ಲೆಕ್ಕಕ್ಕೆಂದು ನಗರವನ್ನು ಹಂಚಿರುವ 77 ಸಮುದಾಯ ವಿಭಾಗಗಳಲ್ಲಿ ಒಂದು ಎಂಬುದನ್ನು ನೆನೆದರೆ ಈ ಭಾಗಾಕಾರ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಊಹಿಸಬಹುದು.

ಇಡೀ ನಗರದ ವಿಷಯದಲ್ಲೂ ಇಂಥದೇ ಗೊಂದಲ. ಶಿಕಾಗೋ ಪೊಲೀಸರ ಲೆಕ್ಕದಂತೆ 2021ರಲ್ಲಿ ಸುಮಾರು 800 ಕೊಲೆಗಳಾದವು, ಕಾಲು ಶತಮಾನದಲ್ಲೇ ಅತಿ ಹೆಚ್ಚು. 2024ರಲ್ಲಿ ಅದು 573ಕ್ಕೆ ಇಳಿಯಿತು. ಸಂಖ್ಯೆ ದೊಡ್ಡದೇ, ಅದನ್ನು ಹಗುರವಾಗಿ ಕಾಣುವ ಕಾರಣವಿಲ್ಲ. ಆದರೆ ನಗರದ ಜನಸಂಖ್ಯೆ ಸುಮಾರು 27 ಲಕ್ಷ. ಲಕ್ಷಕ್ಕೆ ಇಷ್ಟೆಂದು ನೋಡಿದರೆ ಅದು 21ರ ಆಸುಪಾಸು, ಸೇಂಟ್ ಲೂಯಿಸ್, ಮೆಂಫಿಸ್, ನ್ಯೂ ಓರ್ಲಿಯನ್ಸ್‌ಗಳ ದರ ಅದಕ್ಕಿಂತ ಹೆಚ್ಚು. ಟಿವಿಯಲ್ಲಿ ಹೆಸರು ಕೇಳುವುದು ಮಾತ್ರ ಶಿಕಾಗೋದ್ದೇ. ನಗರಗಳನ್ನು ಹೀಗೆ ಸಾಲಾಗಿ ನಿಲ್ಲಿಸಿ ಶ್ರೇಣಿ ಕೊಡಬೇಡಿ ಎಂದು, ದೇಶದ ಅಪರಾಧ ಅಂಕಿಅಂಶ ಕಲೆಹಾಕುವ ಎಫ್‌ಬಿಐ ತಾನೇ ಎಚ್ಚರಿಸುತ್ತ ಬಂದಿದೆ. 2021ರಲ್ಲಿ ಅದು ವರದಿಯ ಪದ್ಧತಿಯನ್ನೇ ಬದಲಿಸಿದಾಗ ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ದೊಡ್ಡ ಇಲಾಖೆಗಳ ಅಂಕಿ ಆ ವರ್ಷ ಸೇರಲೇ ಇಲ್ಲ.

ಇನ್ನು ನಗರಾಡಳಿತದ ಪಟ್ಟಿ. ನಾನು ಅದರತ್ತ ತಿರುಗಿದ್ದು ಒಂದು ಸಣ್ಣ ನಷ್ಟದಿಂದ. 2024ರ ನವೆಂಬರ್‌ನ ಒಂದು ಬೆಳಗ್ಗೆ ಕಾರ್ನೆಲ್ ಅವೆನ್ಯೂದಲ್ಲಿ ನಿಲ್ಲಿಸಿದ್ದ ನನ್ನ ಕಾರಿನ ಹಿಂದಿನ ಕಿಟಕಿ ಒಡೆದಿತ್ತು. ಸೀಟಿನ ಮೇಲೆ ಸಕ್ಕರೆ ಹರಳಿನಂತೆ ಗಾಜು ಚೆಲ್ಲಿತ್ತು, ಒಳಗಿನ ಹಳೆಯ ಕೊಡೆಯನ್ನು ಕೂಡ ಯಾರೂ ಮುಟ್ಟಿರಲಿಲ್ಲ. ಮನೆಯಿಂದ ನಲವತ್ತು ಹೆಜ್ಜೆ ದೂರ. ರಾತ್ರಿಯಿಡೀ ಆ್ಯಪ್ ಎಲ್ಲೆಲ್ಲಿಯದೋ ಅಲಾರಂ ಕೂಗಿತ್ತು, ಇದರ ಬಗ್ಗೆ ಮಾತ್ರ ಸೊಲ್ಲಿಲ್ಲ. ಕೂಗಬೇಕಿತ್ತೆಂದು ನಿರೀಕ್ಷಿಸುವುದೂ ತಪ್ಪು. ಯಾರೂ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡದ ಘಟನೆ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಜನರ ನಿತ್ಯದ ತಲೆನೋವಾದ ಪಾರ್ಸಲ್ ಕಳ್ಳತನ, ಕಾರಿನ ಗಾಜು, ಸೈಕಲ್ ಎಲ್ಲವೂ ಈ ಬಗೆಯವೇ.

ವಿಮೆಗಾಗಿ ಪೊಲೀಸರಿಗೆ ಆನ್‌ಲೈನ್‌ನಲ್ಲಿ ದೂರು ಕೊಟ್ಟೆ. ‘ಜೆಎಚ್’ ಎಂದು ಶುರುವಾಗಿ ಆರು ಅಂಕೆಗಳಿರುವ ಪ್ರಕರಣ ಸಂಖ್ಯೆ ಸಿಕ್ಕಿತು. ಕೆಲವು ದಿನಗಳಾದ ಮೇಲೆ ಕುತೂಹಲಕ್ಕೆ ಅದೇ ಸಂಖ್ಯೆಯನ್ನು ಡೇಟಾ ಪೋರ್ಟಲ್‌ನಲ್ಲಿ ಹುಡುಕಿದರೆ ನನ್ನ ಕಾರು ಅಲ್ಲಿ ಒಂದು ಸಾಲಾಗಿ ಕೂತಿತ್ತು. ವಿಳಾಸದ ಕೊನೆಯ ಎರಡು ಅಂಕೆಗಳ ಜಾಗದಲ್ಲಿ ಎಕ್ಸ್‌ಎಕ್ಸ್. ಯಾರ ಮನೆಯೆಂದು ತಿಳಿಯದಂತೆ ಬ್ಲಾಕ್ ಮಟ್ಟಕ್ಕೆ ಮಾತ್ರ ತೋರಿಸುವುದು ಅವರ ನಿಯಮ. ಇಲಿನಾಯ್ ರಾಜ್ಯದ ಸಂಕೇತ 1320, ಅಂದರೆ ವಾಹನಕ್ಕೆ ಹಾನಿ. ಸ್ಥಳ: ಬೀದಿ. ಗೃಹ ಸಂಬಂಧಿ: ಇಲ್ಲ. ಬಂಧನ: ಇಲ್ಲ. ಸಮಯ: ರಾತ್ರಿ 10:00. ಈ ಕೊನೆಯದನ್ನು ನೋಡಿ ನಗು ಬಂತು, ಏಕೆಂದರೆ ಘಟನೆ ಎಷ್ಟು ಹೊತ್ತಿಗಾಯಿತೆಂದು ನನಗೆ ಗೊತ್ತೇ ಇರಲಿಲ್ಲ. ಫಾರಂ ಬಿಡಲಿಲ್ಲವೆಂದು ಕಾರು ನಿಲ್ಲಿಸಿದ ಹೊತ್ತನ್ನೇ ತುಂಬಿದ್ದೆ. ಘಟನೆಯ ಸಮಯ ಕೆಲವೊಮ್ಮೆ ಅಂದಾಜು ಮಾತ್ರ ಎಂದು ಪೋರ್ಟಲ್ ತಾನೇ ಹೇಳಿಕೊಳ್ಳುತ್ತದೆ. ಸರಿಯಾಗಿ ಮಧ್ಯರಾತ್ರಿ 12:00 ಎಂದು ನಮೂದಾದ ಸಾಲುಗಳು ಗುಡ್ಡೆಬಿದ್ದಿರುವುದನ್ನು ಕಂಡಾಗ ಇದನ್ನು ನೆನೆಯಬೇಕು.

ಈ ಪಟ್ಟಿಯ ನಿಜವಾದ ಬೆಲೆ ಇರುವುದು ಆ ಅಂಕಣಗಳಲ್ಲಿ. ಉದಾಹರಣೆಗೆ ‘ಗೃಹ ಸಂಬಂಧಿ’ ಎಂಬ ಅಂಕಣವನ್ನು ತೆಗೆದುಕೊಳ್ಳಿ. ನಗರದಲ್ಲಿ ದಾಖಲಾಗುವ ಹಲ್ಲೆ ಪ್ರಕರಣಗಳಲ್ಲಿ ದೊಡ್ಡ ಪಾಲು ಮನೆಯೊಳಗಿನವು, ಒಬ್ಬರಿಗೊಬ್ಬರು ಗೊತ್ತಿರುವವರ ನಡುವಿನವು. ಆ ಮನೆಯಲ್ಲಿರುವವರ ಪಾಲಿಗೆ ಅದಕ್ಕಿಂತ ದೊಡ್ಡ ಅಪಾಯ ಬೇರೆಯಿಲ್ಲ. ಬಸ್ಸಿಳಿದು ನಡೆದು ಬರುವ ಅಪರಿಚಿತನಿಗೆ ಅದು ಬೀದಿಯ ಅಪಾಯವಲ್ಲ. ಆ್ಯಪ್ ಎರಡನ್ನೂ ಒಂದೇ ಕೆಂಪು ಚುಕ್ಕೆಯಾಗಿ ತೋರಿಸುತ್ತದೆ. ಪಟ್ಟಿಯಲ್ಲಿ ನಾನು ಗೃಹ ಸಂಬಂಧಿ ಸಾಲುಗಳನ್ನು ತೆಗೆದು, ದರೋಡೆಯನ್ನಷ್ಟೇ ಉಳಿಸಿ, ಸ್ಥಳವನ್ನು ಬೀದಿ, ಕಾಲುದಾರಿ, ರೈಲು ಪ್ಲಾಟ್‌ಫಾರಂ ಎಂದು ಸೀಮಿತಗೊಳಿಸಿ ಹನ್ನೆರಡು ತಿಂಗಳ ಲೆಕ್ಕ ನೋಡಿದೆ. ಬಡಾವಣೆಯ ತುಂಬ ಹರಡಿದ್ದ ಕೆಂಪು ಸೊರಗಿ ಕೆಲವೇ ಮೂಲೆಗಳಲ್ಲಿ, ಕತ್ತಲಾದ ಮೇಲಿನ ಕೆಲವೇ ಗಂಟೆಗಳಲ್ಲಿ ನಿಂತಿತು. ಅದರಿಂದ ಆದ ಬದಲಾವಣೆ ಇಷ್ಟೇ: ರಾತ್ರಿ ನಗರ ರೈಲಿನ ರೆಡ್ ಲೈನ್‌ನಲ್ಲಿ ಬಂದು, ಗಾರ್ಫೀಲ್ಡ್ ನಿಲ್ದಾಣದಲ್ಲಿ ಇಳಿದು, 55ನೆಯ ನಂಬರಿನ ಬಸ್ಸಿಗೆ ಹೊರಗೆ ಒಬ್ಬನೇ ಕಾಯುತ್ತ ನಿಲ್ಲುವ ಬದಲು, ಮೆಟ್ರಾ ಎಂಬ ಉಪನಗರ ರೈಲಿನ ವೇಳೆ ನೋಡಿಕೊಂಡು ಸರೋವರದ ಕಡೆಯ ಹಳಿಯಿಂದಲೇ ಬರುತ್ತೇನೆ. ಹಗಲು ಹೊತ್ತಿನ ತಿರುಗಾಟದಲ್ಲಿ ಒಂದನ್ನೂ ಬಿಟ್ಟಿಲ್ಲ.

ದೋಷಗಳಿಲ್ಲವೆಂದಲ್ಲ. ಪಟ್ಟಿ 80 ಲಕ್ಷ ಸಾಲುಗಳನ್ನು ದಾಟಿದೆ, ಎಕ್ಸೆಲ್ ಹಿಡಿಯುವುದು 10,48,576 ಸಾಲು ಮಾತ್ರ. ಹಾಗಾಗಿ ಪೂರ್ತಿ ಇಳಿಸಿಕೊಳ್ಳುವ ಸಾಹಸ ಬೇಡ, ಪೋರ್ಟಲ್‌ನಲ್ಲೇ ವರ್ಷ ಮತ್ತು ಸಮುದಾಯ ವಿಭಾಗದ ಫಿಲ್ಟರ್ ಹಾಕಿ ಆಮೇಲೆ ಇಳಿಸಿಕೊಳ್ಳಬೇಕು. ಜನ ಬಾಯಲ್ಲಿ ಹೇಳುವ ಬಡಾವಣೆ ಹೆಸರುಗಳು ಅದರಲ್ಲಿ ಇರುವುದಿಲ್ಲ. ವಿಕರ್ ಪಾರ್ಕ್ ಎಂದು ಹುಡುಕಿದರೆ ಏನೂ ಸಿಗದು, ಅದು ವೆಸ್ಟ್ ಟೌನ್‌ನ ಒಳಗಿದೆ. ಅದೂ ಹೆಸರಾಗಿ ಅಲ್ಲ, 24 ಎಂಬ ಅಂಕೆಯಾಗಿ. ಹೈಡ್ ಪಾರ್ಕ್ 41. ಈ 77 ಗಡಿಗಳಲ್ಲಿ ಬಹುಪಾಲನ್ನು ಶಿಕಾಗೋ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು 1920ರ ದಶಕದಲ್ಲಿ ಗುರುತಿಸಿದ್ದು, ನಗರ ಇಂದಿಗೂ ಅವನ್ನೇ ಬಳಸುತ್ತದೆ. ಪೊಲೀಸರ 22 ಜಿಲ್ಲೆಗಳ ಗಡಿ ಬೇರೆ, 50 ವಾರ್ಡ್‌ಗಳ ಗಡಿ ಬೇರೆ. ಫೋನಿನ ಪರದೆಯಲ್ಲಿ ಇದನ್ನೆಲ್ಲ ಮಾಡಲು ಹೊರಟರೆ ಕಣ್ಣು ಸೋಲುತ್ತದೆ, ಕಂಪ್ಯೂಟರ್ ಬೇಕೇ ಬೇಕು. ದೂರು ಕೊಡದ ಅಪರಾಧಗಳು ಇದರಲ್ಲೂ ಇಲ್ಲ. ಪೊಲೀಸರ ಮೇಲೆ ಭರವಸೆ ಕಡಿಮೆಯಿರುವ ಕಡೆ ದೂರು ಕೊಡುವವರೂ ಕಡಿಮೆಯಾದ್ದರಿಂದ ಪಟ್ಟಿಯಲ್ಲಿ ಬೆಳ್ಳಗೆ ಕಂಡ ಜಾಗವೆಲ್ಲ ನೆಮ್ಮದಿಯ ಜಾಗವೆಂದು ತಿಳಿಯುವಂತಿಲ್ಲ.

ಹತ್ತು ವರ್ಷಗಳ ನಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಒಟ್ಟು ಸಂಖ್ಯೆ ಏರುತ್ತದೆ, ಇಳಿಯುತ್ತದೆ. ಕೊಲೆ ಮತ್ತು ಗುಂಡಿನ ದಾಳಿಯ ದಟ್ಟಣೆ ಮಾತ್ರ ಆಸ್ಟಿನ್, ನಾರ್ತ್ ಲಾಂಡೇಲ್, ಗಾರ್ಫೀಲ್ಡ್ ಪಾರ್ಕ್, ಎಂಗಲ್‌ವುಡ್ ಕಡೆಯೇ ಉಳಿಯುತ್ತದೆ, ವಾಯವ್ಯ ತುದಿಯ ಎಡಿಸನ್ ಪಾರ್ಕ್ ಹೆಚ್ಚುಕಡಿಮೆ ಖಾಲಿಯಾಗಿರುತ್ತದೆ. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆ ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಳಿದು ಸಾಲಕ್ಕೆ ಅಪಾಯಕಾರಿ ಎಂದು ಗುರುತಿಸಿತ್ತು. ಅದರ ಬೆನ್ನಿಗೆ ಅಲ್ಲಿಂದ ಬಂಡವಾಳ ಹೊರಟುಹೋಯಿತು, ಆಮೇಲೆ ಕಾರ್ಖಾನೆಗಳು ಮುಚ್ಚಿದವು. ಈಗಿನ ಆ್ಯಪ್‌ಗಳು ಅಂಥ ಬಡಾವಣೆಗಳಿಗೇ ಮತ್ತೆ ಕೆಂಪು ಬಳಿದು ‘ಅಂಕ’ ಎಂದು ಮಾರುವುದನ್ನು ಕಂಡಾಗ ನನಗೆ ಕಸಿವಿಸಿಯಾಗುತ್ತದೆ. ಮನೆ ಹುಡುಕುವವನು ಆ ಬಣ್ಣ ನೋಡಿ ಹಿಂದೆ ಸರಿದರೆ, ಅಂಗಡಿ ತೆರೆಯುವವನೂ ಸರಿಯುತ್ತಾನೆ.

ಆ್ಯಪ್‌ಗೆ ಐದರಲ್ಲಿ ಎರಡು ನಕ್ಷತ್ರ. ಅದರಲ್ಲಿ ಒಂದು, ಹತ್ತಿರದಲ್ಲಿ ನಿಜಕ್ಕೂ ದೊಡ್ಡ ಬೆಂಕಿ ಬಿದ್ದ ದಿನ ಯಾವ ರಸ್ತೆ ಮುಚ್ಚಿದೆಯೆಂದು ಎಲ್ಲರಿಗಿಂತ ಮೊದಲು ತಿಳಿಸಿದ್ದಕ್ಕೆ. ಪಟ್ಟಿಗೆ ನಾಲ್ಕು, ಆ ಸಂಕೇತಗಳ ಬದಲು ಬಡಾವಣೆಯ ಹೆಸರನ್ನೇ ಬರೆದರೆ ಇನ್ನರ್ಧ ಸೇರಿಸುತ್ತೇನೆ. ಚಂದಾ ನಿಲ್ಲಿಸಬೇಕೆನ್ನುವವರು ಆ್ಯಪ್ ಅಳಿಸಿದರೆ ಸಾಲದು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಚಂದಾ ಪಟ್ಟಿಗೆ ಹೋಗಿ ಪ್ರತ್ಯೇಕವಾಗಿ ರದ್ದು ಮಾಡಬೇಕು. ನಾನು ಅಳಿಸಿದ ಮೇಲೂ ಎರಡು ತಿಂಗಳು ಕಟ್ಟಿದೆ. ಕಾರಿನ ಗಾಜು ವಿಮೆಯಲ್ಲಿ ಬದಲಾಯಿತು. ಪೋರ್ಟಲ್ ತೆರೆದಾಗಲೆಲ್ಲ ಆ ಸಾಲನ್ನೊಮ್ಮೆ ನೋಡುತ್ತೇನೆ. ಬಂಧನದ ಅಂಕಣ ಇನ್ನೂ ಬದಲಾಗಿಲ್ಲ.