ಮಲೆನಾಡಿನ ಮಳೆಯಲ್ಲಿ ಕಾಲು ತುಳಿಯುವ ಹೊಲಿಗೆ ಯಂತ್ರ: ದೀರ್ಘ ಬಳಕೆಯ ವಿಮರ್ಶೆ

ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲು ನಾನು ಇಂದಿಗೂ ನೆಚ್ಚಿಕೊಂಡಿರುವುದು, ಬಹಳ ಹಿಂದೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ, ಕಾಲಿನಿಂದ ತುಳಿಯುವ ಕಪ್ಪು ಬಣ್ಣದ ಸಾದಾ ಯಂತ್ರವನ್ನೇ. ನೇರ ಹೊಲಿಗೆಯ ಹೊರತು ಇದರಲ್ಲಿ ಬೇರೇನೂ ಬರುವುದಿಲ್ಲ.

ಆದರೂ ಕಲಿಯುವವರಿಗೆ ಮೋಟಾರಿಗಿಂತ ಇದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮೋಟಾರಿನಲ್ಲಿ ಪೆಡಲ್ ಒತ್ತಿದೊಡನೆ ಬಟ್ಟೆ ಕೈಮೀರಿ ಓಡುತ್ತದೆ. ಇಲ್ಲಿ ವೇಗವು ಪಾದದ ಹತೋಟಿಯಲ್ಲಿರುವುದರಿಂದ, ರವಿಕೆಗೆ ತೋಳು ಕೂರಿಸುವಾಗ ಕಂಕುಳ ತಿರುವಿನಲ್ಲಿ ಒಂದೊಂದೇ ಹೊಲಿಗೆ ಹಾಕುತ್ತ ಬಟ್ಟೆಯನ್ನು ಹೊರಳಿಸಿಕೊಳ್ಳಬಹುದು. ಚಕ್ರ ಹಿಂದಕ್ಕೆ ತಿರುಗಿದರೆ ದಾರವು ಶಟಲ್‌ನಲ್ಲಿ (ಸೂಜಿಯ ಕೆಳಗೆ ಮೇಲುದಾರ, ಕೆಳದಾರಗಳನ್ನು ಹೆಣೆಯುವ ಭಾಗ) ಸಿಕ್ಕಿ ತುಂಡಾಗುವುದರಿಂದ, ಕಾಲು ಹದಕ್ಕೆ ಬರುವ ತನಕ ದಾರವಿಲ್ಲದೆ, ಗೆರೆ ಎಳೆದ ಕಾಗದದ ಮೇಲೆಯೇ ಸೂಜಿ ಓಡಿಸಲು ಹೇಳುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಪಾಠ ನಿಲ್ಲುವುದಿಲ್ಲ. ಶಾಲಾ ಸಮವಸ್ತ್ರಗಳ ಒತ್ತಡವೂ ಅದೇ ಜೂನ್ ತಿಂಗಳಿಗೆ ಬರುವುದರಿಂದ ಇದು ಸಣ್ಣ ಅನುಕೂಲವಲ್ಲ.

ತೊಂದರೆ ಕೊಡುವುದು ನಮ್ಮ ಹವೆ. ಕೆಳಗಿನ ದೊಡ್ಡ ಚಕ್ರದಿಂದ ಯಂತ್ರವನ್ನು ತಿರುಗಿಸುವ ಚರ್ಮದ ಬೆಲ್ಟು ತೇವಕ್ಕೆ ಹಿಗ್ಗಿ ಜಾರತೊಡಗುತ್ತದೆ. ಆಗ ತುಸು ಕತ್ತರಿಸಿ, ಅದರ ಎರಡು ತುದಿಗಳನ್ನು ಕೂಡಿಸುವ ಕೊಕ್ಕೆಯನ್ನು ಮತ್ತೆ ಹಾಕಬೇಕು, ಆದರೆ ಹೆಚ್ಚು ಕತ್ತರಿಸಿದರೆ ಬೇಸಿಗೆಯಲ್ಲಿ ಅದು ಬಿಗಿದು ತುಳಿಯುವುದೇ ಕಷ್ಟವಾಗುತ್ತದೆ. ಸೂಜಿ, ಬಾಬಿನ್ ಕೇಸು (ಕೆಳದಾರದ ಸುರುಳಿ ಕೂರುವ ಲೋಹದ ಗೂಡು)ಗಳಿಗೆ ತುಕ್ಕು ಹಿಡಿಯದಂತೆ ಅವುಗಳನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಡುವುದು ಲೇಸು. ಎಣ್ಣೆಯೆಂದರೆ ಮೆಷಿನ್ ಎಣ್ಣೆ ಮಾತ್ರ. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಬಿಡುವ ರೂಢಿ ನಮ್ಮ ಕಡೆಯ ಮನೆಗಳಲ್ಲಿದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಅದು ಚಳಿಗಾಲದ ಬೆಳಗ್ಗೆ ಯಂತ್ರವನ್ನೇ ಕಚ್ಚಿ ಹಿಡಿಯುತ್ತದೆ. ಆಗ ಸೀಮೆಎಣ್ಣೆಯಿಂದ ತೊಳೆದು, ಚೆನ್ನಾಗಿ ಒರೆಸಿ, ಹೊಸದಾಗಿ ಎಣ್ಣೆ ಬಿಡದೆ ವಿಧಿಯಿಲ್ಲ.

ಹತ್ತಿ ಬಟ್ಟೆಗೆ 14, ಸಮವಸ್ತ್ರದ ದಪ್ಪ ಬಟ್ಟೆಗೆ 16ನೇ ನಂಬರಿನ ಸೂಜಿ ಸಾಕು. ಹಿಗ್ಗುವ ಬನಿಯನ್ ಬಟ್ಟೆಗೆ ಮಾತ್ರ ಇದು ಒಗ್ಗುವುದಿಲ್ಲ: ಹೊಲಿಗೆ ಅಲ್ಲಲ್ಲಿ ತಪ್ಪುತ್ತದೆ, ಎಳೆದರೆ ದಾರ ಕಡಿಯುತ್ತದೆ. ಅಂಗಡಿ ಇಟ್ಟು ದಿನವಿಡೀ ಹೊಲಿಯುವವರು ಮೋಟಾರಿನದನ್ನೇ ಕೊಳ್ಳಲಿ. ಕಲಿಯಲೆಂದು ಹಳೆಯ ಯಂತ್ರ ಕೊಳ್ಳುವವರು ಮೇಲಿನ ಬಣ್ಣ ನೋಡದೆ, ಸೂಜಿ ಸಿಕ್ಕಿಸುವ ಕಂಬಿಯನ್ನು ಬೆರಳಿನಿಂದ ಅಕ್ಕಪಕ್ಕ ಅಲುಗಾಡಿಸಿ ನೋಡಬೇಕು. ಅದು ಸಡಿಲವಾಗಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇಡ.